ಅಜ್ಜನ ಕಾಲದ ಲಯೊನೆಲ್ ರೈಲನ್ನು ಮತ್ತೆ ಓಡಿಸುವುದು

ಅಮೆರಿಕದ ಮನೆಗಳ ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ದಶಕಗಟ್ಟಲೆ ಬಿದ್ದಿರುವ ಹಳೆಯ ವಿದ್ಯುತ್ ಆಟಿಕೆ ರೈಲು ಸಿಕ್ಕಿತೆಂದರೆ ಅದು ಲಯೊನೆಲ್ ಕಂಪನಿಯದಾಗಿರುವ ಸಂಭವವೇ ಹೆಚ್ಚು. ಕ್ರಿಸ್‌ಮಸ್ ಮರದ ಸುತ್ತ ಹಳಿ ಜೋಡಿಸಿ ರೈಲು ಓಡಿಸುವುದು ಅಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಪ್ಪನಿಗೆ ಉಡುಗೊರೆಯಾಗಿ ಬಂದದ್ದು ಮಗನ ಕೈಗೆ, ಅಲ್ಲಿಂದ ಮೊಮ್ಮಕ್ಕಳ ಕೈಗೆ ಬರುತ್ತದೆ. ನಡುವೆ ಯಾವುದೋ ತಲೆಮಾರಿನಲ್ಲಿ ಅದು ಓಡುವುದು ನಿಂತಿರುತ್ತದೆ, ಕೆಟ್ಟುಹೋಗಿದೆ ಎಂದು ಮನೆಯವರು ನಂಬಿರುತ್ತಾರೆ. ನಿಜವಾಗಿ ಕೆಟ್ಟಿರುವುದು ಅಪರೂಪ. ಗಟ್ಟಿಯಾದ ಗ್ರೀಸು, ಕೊಳೆ, ತುಕ್ಕು, ಬಿರುಕುಬಿಟ್ಟ ವೈರು ಇಷ್ಟೇ ಬಹುತೇಕ ರೈಲುಗಳನ್ನು ತಡೆದು ನಿಲ್ಲಿಸಿರುತ್ತವೆ. ಅವಸರಪಡದೆ ಕ್ರಮವಾಗಿ ಕೆಲಸ ಮಾಡಿದರೆ ಎಪ್ಪತ್ತು ವರ್ಷ ಹಳೆಯ ಎಂಜಿನ್ ಕೂಡ ಓಡುತ್ತದೆ.

ಜೋಶುವಾ ಲಯೊನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ಕಂಪನಿಯನ್ನು ಶುರುಮಾಡಿದ. ಅವನ ಮೊದಲ ವಿದ್ಯುತ್ ಗಾಡಿ ಅಂಗಡಿಯ ಕಿಟಕಿಯಲ್ಲಿ ಗಿರಾಕಿಗಳ ಕಣ್ಣುಸೆಳೆಯಲು ಮಾಡಿದ್ದು. ಜನ ಅಂಗಡಿಯ ಸರಕಿಗಿಂತ ಆ ಗಾಡಿಯನ್ನೇ ಕೇಳತೊಡಗಿದರು. 1942ರಲ್ಲಿ ಯುದ್ಧದ ಕಾರಣ ಆಟಿಕೆಗಳ ತಯಾರಿಕೆ ನಿಂತಿತು, 1945ರ ಕೊನೆಗೆ ಮತ್ತೆ ಆರಂಭವಾಯಿತು. ಅಲ್ಲಿಂದ 1969ರವರೆಗಿನ ರೈಲುಗಳನ್ನು ಯುದ್ಧೋತ್ತರ ಕಾಲದವು ಎಂದು ಕರೆಯುತ್ತಾರೆ. ಇಂದು ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಇವೇ. ಇವನ್ನು ಬಿಚ್ಚಿ ಕಟ್ಟಲು ಬರುವಂತೆಯೇ ತಯಾರಿಸಿದ್ದರು. ಬಹುಪಾಲು ಭಾಗಗಳನ್ನು ಸ್ಕ್ರೂಗಳಿಂದ ಕೂಡಿಸಿದೆ. ಊರೂರಿನಲ್ಲಿ ಕಂಪನಿಯ ಅಧಿಕೃತ ದುರಸ್ತಿ ಅಂಗಡಿಗಳಿದ್ದವು, ಅವುಗಳಿಗೆಂದೇ ಕಂಪನಿ ವಿವರವಾದ ಕೈಪಿಡಿ ಕೊಡುತ್ತಿತ್ತು. ಬ್ರಷ್, ಸ್ಪ್ರಿಂಗ್, ರೋಲರ್‌ನಂಥ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗಿ ಸಿಗುತ್ತವೆ. ಬಿಸಾಡಿ ಹೊಸದು ಕೊಳ್ಳುವ ಕಾಲದಲ್ಲಿ ಇಂಥ ವಸ್ತುವನ್ನು ಕಸಕ್ಕೆ ಹಾಕುವುದು ದೊಡ್ಡ ನಷ್ಟ.

ಸಿಕ್ಕಿದ ರೈಲು ಯಾವ ಬಗೆಯದು ಎಂದು ತಿಳಿಯುವುದು ಮೊದಲ ಕೆಲಸ. ಅದಕ್ಕೆ ಹಳಿಯನ್ನು ನೋಡಿದರೆ ಸಾಕು. ಲಯೊನೆಲ್‌ನ ಓ ಗೇಜ್ ಹಳಿಯಲ್ಲಿ ಮೂರು ಕಂಬಿಗಳು. ಹೊರಗಿನ ಎರಡರ ನಡುವಿನ ಅಂತರ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿಲಿಮೀಟರ್. ಗಿಲ್ಬರ್ಟ್ ಕಂಪನಿಯ ಯುದ್ಧೋತ್ತರ ಅಮೆರಿಕನ್ ಫ್ಲೈಯರ್ ರೈಲುಗಳಿಗೆ ಎರಡೇ ಕಂಬಿ, ಅಗಲವೂ ಕಡಿಮೆ. ಲಯೊನೆಲ್ ಎಂಜಿನ್ನಿನ ಕ್ಯಾಬಿನ ಪಕ್ಕದಲ್ಲಿ ಸಾಮಾನ್ಯವಾಗಿ ಅದರ ಮಾದರಿ ಸಂಖ್ಯೆ ಅಚ್ಚಾಗಿರುತ್ತದೆ. ಆ ಸಂಖ್ಯೆ ಹಿಡಿದು ಹುಡುಕಿದರೆ ವೈರಿಂಗ್ ನಕ್ಷೆ, ಬಿಡಿಭಾಗಗಳ ಪಟ್ಟಿ ಎರಡೂ ದೊರೆಯುತ್ತವೆ.

ಮೂರು ಕಂಬಿಗಳ ಲೆಕ್ಕ ಸರಳ. ಟ್ರಾನ್ಸ್‌ಫಾರ್ಮರಿನಿಂದ ಬರುವ ಕರೆಂಟು ನಡುವಿನ ಕಂಬಿಯಲ್ಲಿ ಹರಿಯುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗಿರುವ ಪುಟ್ಟ ರೋಲರ್‌ಗಳು ಅದನ್ನು ಎತ್ತಿಕೊಂಡು ಮೋಟರಿಗೆ ಮುಟ್ಟಿಸುತ್ತವೆ. ಕರೆಂಟು ಚಕ್ರಗಳ ಮೂಲಕ ಹೊರಗಿನ ಕಂಬಿಗಳಿಗೆ ಇಳಿದು ವಾಪಸಾಗುತ್ತದೆ. ಹೊರಗಿನ ಎರಡೂ ಕಂಬಿಗಳು ಒಂದೇ ಪಕ್ಷದವಾದ್ದರಿಂದ ಹಳಿಯನ್ನು ಹೇಗೆ ಸುತ್ತಿಸಿ ತಂದು ಜೋಡಿಸಿದರೂ ಶಾರ್ಟ್ ಆಗುವುದಿಲ್ಲ. ಮಕ್ಕಳು ತಮಗೆ ತೋಚಿದಂತೆ ಹಳಿ ಹಾಕಲಿ ಎಂಬುದೇ ಈ ವ್ಯವಸ್ಥೆಯ ಹೆಚ್ಚುಗಾರಿಕೆ. ಹಳಿಯಲ್ಲಿರುವುದು ಹೆಚ್ಚೆಂದರೆ 20 ವೋಲ್ಟ್ ಆಸುಪಾಸಿನ ಎಸಿ ಕರೆಂಟು, ಮುಟ್ಟಿದರೆ ಅಪಾಯವಿಲ್ಲ. ಅಪಾಯ ಏನಿದ್ದರೂ ಗೋಡೆಯ ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರಿನವರೆಗೆ.

ಆದ್ದರಿಂದ ಪೆಟ್ಟಿಗೆ ತೆರೆದ ಕೂಡಲೇ ಟ್ರಾನ್ಸ್‌ಫಾರ್ಮರನ್ನು ಪ್ಲಗ್ಗಿಗೆ ಸಿಕ್ಕಿಸಬಾರದು. ಆ ಕಾಲದ ವೈರಿನ ರಬ್ಬರ್ ಹೊದಿಕೆ ಒಣಗಿ, ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಹೊರಗೆ ಚೆನ್ನಾಗಿ ಕಂಡ ವೈರು ಟ್ರಾನ್ಸ್‌ಫಾರ್ಮರಿನ ಒಳಗೆ ಹೋಗುವ ಕಡೆ ಬೆತ್ತಲಾಗಿರುವುದುಂಟು. ಬಿರುಕು ಕಂಡರೆ ಟೇಪು ಸುತ್ತುವುದು ಪರಿಹಾರವಲ್ಲ. ಇಡೀ ವೈರು, ಪ್ಲಗ್ ಎರಡನ್ನೂ ಬದಲಿಸಬೇಕು. ಈ ಕೆಲಸ ತಿಳಿಯದವರು ಎಲೆಕ್ಟ್ರಿಷಿಯನ್ ಕೈಗೆ ಕೊಡುವುದು ಒಳ್ಳೆಯದು. ಆಮೇಲೆ ಹಳಿಗೆ ಜೋಡಿಸದೆಯೇ ಟ್ರಾನ್ಸ್‌ಫಾರ್ಮರನ್ನು ಚಾಲೂ ಮಾಡಿ, ಲಿವರನ್ನು ಮೆಲ್ಲಗೆ ಸರಿಸುತ್ತ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸರಾಗವಾಗಿ ಏರುತ್ತದೆಯೇ ಎಂದು ನೋಡಬೇಕು. ಸುಟ್ಟ ವಾಸನೆ ಬಂದರೆ, ಜೋರಾಗಿ ಗುಂಯ್‌ಗುಟ್ಟಿದರೆ, ಏನೂ ಓಡಿಸದೆಯೇ ಬಿಸಿಯೇರಿದರೆ ಅದನ್ನು ಬದಿಗಿಡುವುದೇ ಸರಿ. ಸಣ್ಣ ಸೆಟ್‌ಗಳ ಜೊತೆ ಬರುತ್ತಿದ್ದ 1033 ಮಾದರಿಯ ಶಕ್ತಿ 90 ವಾಟ್. ದೊಡ್ಡ ಝಡ್‌ಡಬ್ಲ್ಯೂ ಮಾದರಿಯದು 275 ವಾಟ್. ಈ ಟ್ರಾನ್ಸ್‌ಫಾರ್ಮರುಗಳೊಳಗೆ ಸರ್ಕ್ಯೂಟ್ ಬ್ರೇಕರ್ ಇದ್ದರೂ ವಯಸ್ಸಾದ ಮೇಲೆ ಅದು ತಡವಾಗಿ ಕೆಲಸ ಮಾಡುತ್ತದೆ. ಹಳಿಗೆ ಹೋಗುವ ವೈರಿನಲ್ಲಿ ಒಂದು ಹೊಸ ಫ್ಯೂಸ್ ಹಾಕಿದರೆ ನೆಮ್ಮದಿ.

ಇನ್ನೊಂದು ಅಪಾಯ ಹಲವರ ಗಮನಕ್ಕೆ ಬರುವುದಿಲ್ಲ. ಎರಡು ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ಹಳಿಗೆ ಜೋಡಿಸಿ, ಒಂದರ ಪ್ಲಗ್ ಕಿತ್ತು ಇನ್ನೊಂದನ್ನು ಚಾಲೂ ಮಾಡಿದರೆ ಹಳಿಯ ಕರೆಂಟು ಮೊದಲನೆಯದರೊಳಗೆ ಹಿಮ್ಮುಖವಾಗಿ ಹರಿದು ನೂರಕ್ಕೂ ಹೆಚ್ಚು ವೋಲ್ಟಿಗೆ ಏರಬಹುದು. ಆಗ ಕಿತ್ತುಬಿದ್ದಿರುವ ಪ್ಲಗ್ಗಿನ ಪಿನ್ನುಗಳಲ್ಲಿ ಜೀವಕ್ಕೆ ಎರವಾಗುವ ಕರೆಂಟು ಇರುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಗರಾಜ್ ಸೇಲ್‌ನಲ್ಲಿ ಕೊಂಡ ಇಂಥ ಸೆಟ್ಟನ್ನು ಬೆಂಗಳೂರಿಗೋ ಮೈಸೂರಿಗೋ ತಂದರೆ ಒಂದು ಮಾತು ನೆನಪಿನಲ್ಲಿಡಬೇಕು. ಅಲ್ಲಿನ ಟ್ರಾನ್ಸ್‌ಫಾರ್ಮರು ಸುಮಾರು 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದರಲ್ಲೂ 110 ವೋಲ್ಟಿನದಕ್ಕಿಂತ ಜಪಾನಿನ ಉಪಕರಣಗಳಿಗಾಗಿ ಮಾರುವ 100 ವೋಲ್ಟಿನದು ಉತ್ತಮ. 50 ಹರ್ಟ್ಸ್‌ನಲ್ಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಒಳಭಾಗ ಹೆಚ್ಚು ಬಿಸಿಯಾಗುತ್ತದೆ. ವೋಲ್ಟೇಜ್ ಅಷ್ಟು ತಗ್ಗಿಸಿದರೆ ಅದರ ಮೇಲಿನ ಹೊರೆ ಅಮೆರಿಕದಲ್ಲಿದ್ದಷ್ಟೇ ಆಗುತ್ತದೆ.

ಹಳಿಯ ವಿಷಯ ಹೆಚ್ಚಿಲ್ಲ. ಮೇಲೆ ಹಿಡಿದ ತುಕ್ಕನ್ನು ಪಾತ್ರೆ ತಿಕ್ಕುವ ಹಸಿರು ನಾರಿನ ಸ್ಕ್ರಬ್ಬರಿನಿಂದ ಉಜ್ಜಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಸ್ಟೀಲ್ ವೂಲನ್ನಂತೂ ಬಳಸಲೇಬಾರದು. ಅದರ ಕಣ್ಣಿಗೆ ಕಾಣದ ಕಬ್ಬಿಣದ ಎಳೆಗಳು ಮೋಟರಿನೊಳಗೆ ಸೇರಿ ಶಾರ್ಟ್ ಮಾಡುತ್ತವೆ. 1950ರಿಂದ ಲಯೊನೆಲ್ ಹಲವು ಎಂಜಿನ್‌ಗಳ ಚಕ್ರಗಳಿಗೆ ಹಿಡಿತ ಹೆಚ್ಚಲೆಂದು ಅಯಸ್ಕಾಂತ ಅಳವಡಿಸಿತ್ತು, ಅದರ ಹೆಸರು ಮ್ಯಾಗ್ನೆಟ್ರಾಕ್ಷನ್. ಅಂಥ ಎಂಜಿನ್ ಆ ಎಳೆಗಳನ್ನೆಲ್ಲ ಹಳಿಯಿಂದ ಬಾಚಿಕೊಂಡುಬಿಡುತ್ತದೆ. ಹಳಿಯ ತುಂಡುಗಳನ್ನು ಕೂಡಿಸುವ ಪಿನ್ನುಗಳು ಸಡಿಲವಾಗಿದ್ದರೆ ಕಂಬಿಯ ತುದಿಯನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿಮಾಡಬೇಕು. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಕಡೆ ರೈಲು ನಿಧಾನವಾಗುತ್ತಿದ್ದರೆ ಆ ಕಡೆಗೂ ಒಂದು ಜೋಡಿ ವೈರು ಎಳೆದರೆ ಸರಿಹೋಗುತ್ತದೆ. ನಡುವಿನ ಕಂಬಿಯ ಬುಡದಲ್ಲಿರುವ ಕಾಗದದಂಥ ತಡೆಪಟ್ಟಿ ಹರಿದಿದ್ದರೆ ಶಾರ್ಟ್ ಆಗುತ್ತದೆ. ಆ ತುಂಡನ್ನೇ ತೆಗೆದಿಡುವುದು ಸುಲಭ.

ಎಂಜಿನ್ನೇ ನಿಜವಾದ ಕೆಲಸವಿರುವ ಜಾಗ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು, ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಿನಲ್ಲಿ ಹಾಕುವುದು ಜಾಣತನ. ಮೇಲಿನ ಹೊದಿಕೆ ತೆಗೆದ ಕೂಡಲೇ ಗೇರುಗಳ ಮೇಲೆ ಕಂದುಬಣ್ಣದ ಮೇಣ ಮೆತ್ತಿದಂತೆ ಕಾಣುವುದೇ ಹಳೆಯ ಗ್ರೀಸು. ಅದನ್ನು ಕಡ್ಡಿಯಿಂದ ಕೆರೆದು, ಉಳಿದದ್ದನ್ನು ಟರ್ಪೆಂಟೈನಿನಂಥ ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಕೈಯಿಂದ ತಿರುಗಿಸಿದಾಗ ಚಕ್ರಗಳು ಹಗುರವಾಗಿ ಓಡಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೋಟರಿನ ಒಂದು ಬದಿಯಲ್ಲಿ ಬ್ರಷ್ ಪ್ಲೇಟ್ ಇದೆ. ಎರಡು ಸ್ಕ್ರೂ ತೆಗೆದು ಅದನ್ನು ಮೆಲ್ಲಗೆ ಎತ್ತಿದರೆ ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳು, ಅವನ್ನು ಒತ್ತಿಹಿಡಿಯುವ ಸ್ಪ್ರಿಂಗ್‌ಗಳು, ಅವು ಉಜ್ಜುವ ತಾಮ್ರದ ಮುಖ ಕಾಣುತ್ತವೆ. ಈ ತಾಮ್ರದ ಮುಖವೇ ಕಮ್ಯುಟೇಟರ್. ಅದರಲ್ಲಿ ಮೂರು ತುಂಡುಗಳು, ನಡುವೆ ಮೂರು ಸಣ್ಣ ಸೀಳುಗಳು. ದಶಕಗಳ ಕಾರ್ಬನ್ ಪುಡಿ ಎಣ್ಣೆಯೊಂದಿಗೆ ಬೆರೆತು ಕಪ್ಪು ಹಿಟ್ಟಾಗಿ ಆ ಸೀಳುಗಳಲ್ಲಿ ತುಂಬಿರುತ್ತದೆ. ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುವುದರಿಂದ ಒಂದು ತುಂಡಿನಿಂದ ಇನ್ನೊಂದಕ್ಕೆ ಕರೆಂಟು ಹಾಯ್ದು ಮೋಟರು ಸೋಲುತ್ತದೆ. ಮರದ ಟೂತ್‌ಪಿಕ್ಕಿನ ತುದಿಯಿಂದ ಸೀಳುಗಳನ್ನು ಒಂದೊಂದಾಗಿ ಬಿಡಿಸಿ, ತಾಮ್ರದ ಮುಖವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಕಪ್ಪು ಹೋಗಿ ತಾಮ್ರದ ಕೆಂಪು ಹೊಳೆಯುತ್ತದೆ. ಲೋಹದ ಚೂಪು ಉಪಕರಣ ಬಳಸಿದರೆ ಗೀರುಬಿದ್ದು ಬ್ರಷ್‌ಗಳು ಬೇಗ ಸವೆಯುತ್ತವೆ. ಬ್ರಷ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಬೇಕು. ಆರ್ಮೇಚರಿನ ವೈಂಡಿಂಗ್ ಸರಿಯಿದೆಯೇ ಎಂದು ತಿಳಿಯಲು ಮೂರು ತುಂಡುಗಳನ್ನು ಎರಡೆರಡಾಗಿ ಮಲ್ಟಿಮೀಟರಿನಲ್ಲಿ ಅಳೆಯಬೇಕು. ಮೂರೂ ಸಲ ಹೆಚ್ಚುಕಡಿಮೆ ಒಂದೇ ಓಮ್ ಬಂದರೆ ಆರ್ಮೇಚರ್ ಗಟ್ಟಿಯಾಗಿದೆ. ಒಂದು ಮಾತ್ರ ಬೇರೆ ಬಂದರೆ ತಂತಿ ತುಂಡಾಗಿದೆ ಇಲ್ಲವೇ ಬೆಸುಗೆ ಬಿಟ್ಟಿದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವೊಮ್ಮೆ ಎಂಜಿನ್ ಕದಲುವುದಿಲ್ಲ. ಮುಂದಿನ ದೀಪ ಉರಿಯುತ್ತದೆ, ಒಳಗಿಂದ ಗುಂಯ್ ಎಂಬ ಸದ್ದು ಬರುತ್ತದೆ, ಚಕ್ರ ಮಾತ್ರ ತಿರುಗದು. ಕೆಟ್ಟಿದೆ ಎಂದು ಮೂಲೆಗೆ ಸೇರಿಸಿದ ಎಷ್ಟೋ ಎಂಜಿನ್‌ಗಳ ಸ್ಥಿತಿ ಇದೇ. ಅವು ಕೆಟ್ಟಿರುವುದಿಲ್ಲ, ನ್ಯೂಟ್ರಲ್‌ನಲ್ಲಿ ನಿಂತಿರುತ್ತವೆ. ದಿಕ್ಕು ಬದಲಿಸಲು ಲಯೊನೆಲ್ ಎಂಜಿನ್ನಿನಲ್ಲಿ ಇ-ಯುನಿಟ್ ಎಂಬ ಭಾಗವಿದೆ. ಅದರಲ್ಲಿ ಒಂದು ತಂತಿಸುರುಳಿ, ಅದರೊಳಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಕಡ್ಡಿ, ಪಕ್ಕದಲ್ಲಿ ಹಲ್ಲುಗಳಿರುವ ಪುಟ್ಟ ಉರುಳೆ. ಕರೆಂಟು ನಿಂತಾಗ ಕಡ್ಡಿ ಕೆಳಗೆ ಬೀಳುತ್ತದೆ. ಮತ್ತೆ ಬಂದಾಗ ಮೇಲೆದ್ದು ಉರುಳೆಯನ್ನು ಒಂದು ಹಲ್ಲು ತಿರುಗಿಸುತ್ತದೆ. ಹೀಗೆ ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ನ್ಯೂಟ್ರಲ್ ಎಂಬ ಸರದಿ ನಡೆಯುತ್ತದೆ. ಕರೆಂಟನ್ನು ಒಮ್ಮೆ ತೆಗೆದು ಕೊಟ್ಟರೆ ಸಾಕು, ಎಂಜಿನ್ ಹೊರಡಬಹುದು. ಈ ಭಾಗವನ್ನು ತಡೆದಿಡಲು ಎಂಜಿನ್ನಿನಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ, ಬಹಳಷ್ಟು ಉಗಿ ಎಂಜಿನ್‌ಗಳಲ್ಲಿ ಬಾಯ್ಲರಿನ ಮೇಲೆಯೇ. ಯಾರೋ ಎಂದೋ ಅದನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಿದ್ದರೆ ಎಷ್ಟು ಸಲ ಕರೆಂಟು ಕೊಟ್ಟರೂ ಪ್ರಯೋಜನವಿಲ್ಲ. ಲಿವರ್ ಸರಿಯಾಗಿದ್ದೂ ಉರುಳೆ ತಿರುಗದಿದ್ದರೆ ಕಡ್ಡಿ ಕೊಳೆಯಿಂದ ಅಂಟಿಕೊಂಡಿದೆ ಎಂದರ್ಥ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಕೈಯಿಂದ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಇಲ್ಲಿ ಮಾತ್ರ ಎಣ್ಣೆ ಹಾಕಬಾರದು, ಅದು ಧೂಳು ಹಿಡಿದು ಮತ್ತೆ ಅಂಟುತ್ತದೆ. ಉರುಳೆಗೆ ತಾಗುವ ತಾಮ್ರದ ಬೆರಳುಗಳು ಕೂದಲಿನಷ್ಟು ತೆಳು, ಬಗ್ಗಿದರೆ ಮುರಿದೇ ಹೋಗುತ್ತವೆ.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಲೇಸು. ಅಚ್ಚುಗಳಿಗೆ, ಆರ್ಮೇಚರ್ ದಂಡದ ತುದಿಗಳಿಗೆ ಸೂಜಿಯ ಮೊನೆಯಲ್ಲಿ ನಿಲ್ಲುವ ಒಂದೊಂದು ಹನಿ ತೆಳುವಾದ ಹೊಲಿಗೆ ಯಂತ್ರದ ಎಣ್ಣೆ, ಗೇರುಗಳಿಗೆ ತುಸು ಹೊಸ ಗ್ರೀಸು, ಅಷ್ಟೇ. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಆಗಷ್ಟೇ ಬಿಡಿಸಿದ ಕಪ್ಪು ಹಿಟ್ಟನ್ನು ಮತ್ತೆ ಕಟ್ಟುತ್ತದೆ.

ಡೀಸೆಲ್ ಮಾದರಿಯ ಎಂಜಿನ್‌ಗಳಲ್ಲಿ ಹಾರ್ನ್ ಊದಲು ದೊಡ್ಡ ಟಾರ್ಚ್ ಬ್ಯಾಟರಿಯೊಂದನ್ನು ಹಾಕುತ್ತಿದ್ದರು. ಅದನ್ನು ತೆಗೆಯದೆ ಮರೆತ ಎಂಜಿನ್ನಿನಲ್ಲಿ ಬ್ಯಾಟರಿ ಸೋರಿ, ಸುತ್ತಲಿನ ತಗಡನ್ನು ತಿಂದುಹಾಕಿರುತ್ತದೆ. ಉಗಿ ಎಂಜಿನ್‌ಗಳ ಸಿಳ್ಳೆ ಬೇರೆ ಬಗೆಯದು: ಹಿಂದಿನ ಟೆಂಡರಿನಲ್ಲಿ ಒಂದು ಪುಟ್ಟ ಮೋಟರು ಗಾಳಿ ಊದುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಡಿ ಒತ್ತಿದಾಗ ಎಸಿಯ ಜೊತೆ ಸ್ವಲ್ಪ ಡಿಸಿ ಸೇರುತ್ತದೆ, ಅದನ್ನು ಗುರುತಿಸಿದ ರಿಲೇ ಸಿಳ್ಳೆಯನ್ನು ಚಾಲೂ ಮಾಡುತ್ತದೆ. ಈ ಮೋಟರಿಗೂ ಅದೇ ಶುಚಿ, ಅದೇ ಒಂದು ಹನಿ ಎಣ್ಣೆ.

ಗುಣವಾಗದ ಕಾಯಿಲೆಯೂ ಒಂದಿದೆ. ಯುದ್ಧಕ್ಕೆ ಮೊದಲಿನ ಕೆಲವು ರೈಲುಗಳ ಸತುವಿನ ಎರಕದ ಭಾಗಗಳು ತಾವಾಗಿಯೇ ಉಬ್ಬಿ, ಬಿರಿದು, ಪುಡಿಯಾಗುತ್ತವೆ. ಎರಕ ಹೊಯ್ಯುವಾಗ ಸತುವಿನಲ್ಲಿ ಬೆರೆತ ಸೀಸದಂಥ ಕಲ್ಮಶ ಇದಕ್ಕೆ ಕಾರಣ. ಅಂಥ ಚಕ್ರವನ್ನು ಅಂಟಿಸಿ ಉಳಿಸಲಾಗದು, ಬದಲಿಸಲೇಬೇಕು.

ಹೊರಗಿನ ಚೆಲುವಿಗೆ ಕೈಹಾಕುವಾಗ ಕೈ ಹಗುರವಾಗಿರಲಿ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಬಹುದು. ಅಚ್ಚಿನ ಅಕ್ಷರಗಳ ಮೇಲೆ ಮಾತ್ರ ಉಜ್ಜಬಾರದು, ಸ್ಪಿರಿಟ್ ತಾಗಿಸಬಾರದು. ಹೊಸ ಬಣ್ಣ ಬಳಿದರೆ ಸಂಗ್ರಾಹಕರ ಕಣ್ಣಿನಲ್ಲಿ ಅದರ ಬೆಲೆ ಇಳಿಯುತ್ತದೆ; ಮನೆಯವರ ಮಟ್ಟಿಗೂ ಅಜ್ಜ ಆಡಿದ ರೈಲಿನ ಗೀರುಗಳು ಅಳಿಸಿಹೋಗುತ್ತವೆ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಉಪ್ಪುಕಾಗದದಿಂದ ಉಜ್ಜುವುದೂ ಕೂಡದು, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಕೊಡುವುದೂ ಕೂಡದು.

ಮೊದಲ ಓಟ ಬೋಗಿಗಳಿಲ್ಲದೆ, ಬರೀ ಎಂಜಿನ್ನಿನದಾಗಿರಬೇಕು. ಐದಾರು ನಿಮಿಷ ನಿಧಾನವಾಗಿ ಮುಂದಕ್ಕೆ, ಅಷ್ಟೇ ಹೊತ್ತು ಹಿಂದಕ್ಕೆ ಓಡಿಸಿ, ನಿಲ್ಲಿಸಿ ಮೋಟರನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸಹಜ, ಬೆರಳಿಡಲಾಗದಷ್ಟು ಸುಟ್ಟರೆ ಎಲ್ಲೋ ಬಿಗಿತ ಉಳಿದಿದೆ. ಹೊಸ ಬ್ರಷ್‌ಗಳು ಕಮ್ಯುಟೇಟರಿನ ಮುಖಕ್ಕೆ ಹೊಂದಿಕೊಳ್ಳುವವರೆಗೆ ಸಣ್ಣ ಕಿಡಿಗಳು ಕಾಣುತ್ತವೆ, ಓಟದಲ್ಲೂ ತುಸು ಎಡರುತೊಡರು ಇರುತ್ತದೆ. ಅದು ತಾನಾಗಿ ತಗ್ಗುತ್ತದೆ. ಬೋಗಿಗಳ ಅಚ್ಚಿಗೆ ಎಣ್ಣೆ ಕಾಣಿಸಿ, ಚಕ್ರಕ್ಕೆ ಮೆತ್ತಿದ ಕೊಳೆ ಕೆರೆದ ಮೇಲೆ ಅವನ್ನು ಒಂದೊಂದಾಗಿ ಸೇರಿಸಬಹುದು. ಆಟ ಮುಗಿದು ಎತ್ತಿಡುವಾಗ ಬ್ಯಾಟರಿ ತೆಗೆದು, ಬಿಸಿಲಿಗೆ ಕಾಯುವ ಅಟ್ಟ, ತೇವ ಹಿಡಿಯುವ ನೆಲಮಾಳಿಗೆ ಎರಡನ್ನೂ ಬಿಟ್ಟು ಮನೆಯೊಳಗಿನ ಕಪಾಟಿನಲ್ಲಿಡಬೇಕು. ಮೂಲ ಪೆಟ್ಟಿಗೆ ಹರಿದಿದ್ದರೂ ಎಸೆಯಬಾರದು. ಎಣ್ಣೆ ಹಾಕಿದ ದಿನ, ಬದಲಿಸಿದ ಭಾಗಗಳು, ಎಂಜಿನ್ನಿನ ಸಂಖ್ಯೆ ಬರೆದ ಒಂದು ಚೀಟಿ ಅದರೊಳಗಿದ್ದರೆ ಮುಂದೆ ಬಿಚ್ಚುವವರಿಗೆ ಕೆಲಸ ಹಗುರಾಗುತ್ತದೆ.