ಸರ್ವರ್ ಗೊತ್ತಿರೋನು ಜಾತ್ರೆಗೆ ಹೋಗಿದ್ದಾನೆ!

‘ಸರ್ವರ್’ ಅಂದ್ರೇನು ಅಂತ ನಮ್ಮ ಗುಂಡ್ಲುಪೇಟೆ ಕಡೆಯ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಪಹಣಿ ಕಂಪ್ಯೂಟರಿಗೆ ಬಂದಾಗಿನಿಂದ ಅದು ಕನ್ನಡದ್ದೇ ಪದ ಆಗಿಬಿಟ್ಟಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಶುರುವಾದಾಗ ಅದು ತಲುಪಬೇಕಿದ್ದ ತಾಲ್ಲೂಕುಗಳು 177. ನಮ್ಮ ಜಿಲ್ಲೆಯಲ್ಲಿ ಆಗ ನಾಲ್ಕು: ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ. ಮೊದಮೊದಲು ಒಂದೊಂದು ತಾಲ್ಲೂಕಿಗೂ ಅದರದ್ದೇ ಸರ್ವರ್, ಅದರದ್ದೇ ಡೇಟಾಬೇಸ್. ಆಮೇಲೆ ಎಲ್ಲ ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಆ 177 ಅನ್ನೋ ಸಂಖ್ಯೆ ನೋಡಿದರೆ ಬೆವರು ಬರುತ್ತೆ. ಅಷ್ಟೂ ಕಡೆ ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್ ಇರಬೇಕು. ಇವತ್ತು ಈ ಕೆಲಸಕ್ಕೆ ಬಳಸುವ ಪಪೆಟ್ ಬಂದದ್ದು 2005ರಲ್ಲಿ, ಶೆಫ್ 2009ರಲ್ಲಿ, ಆನ್ಸಿಬಲ್ 2012ರಲ್ಲಿ. ಈ ಜಾತಿಯ ಉಪಕರಣಗಳಲ್ಲಿ ಆಗಲೇ ಇದ್ದದ್ದು 1993ರ ಸಿಎಫ್‌ಎಂಜಿನ್. ಅದನ್ನು ಬಲ್ಲವರು ಕಡಿಮೆ.

ನೀವು ಮೊಬೈಲಿನಲ್ಲಿ ಬಟನ್ ಒತ್ತಿದಾಗ ಆ ಕಡೆ ಕೂತು ಲೆಕ್ಕ ನೋಡಿ ಉತ್ತರ ಕಳಿಸೋದು ಅಪ್ಲಿಕೇಶನ್ ಸರ್ವರ್. ಟಾಮ್‌ಕ್ಯಾಟ್ ಅಂಥದ್ದೊಂದು. ಕೈಯಲ್ಲೇ ಹಾಕೋದಾದರೆ ಮೊದಲು ಜಾವಾ ಹಾಕಬೇಕು. ಟಾಮ್‌ಕ್ಯಾಟ್‌ಗೆ ಬೇರೆ ಯೂಸರ್ ಮಾಡಬೇಕು, ಎಷ್ಟು ಮೆಮೊರಿ ಅಂತ ಹೇಳಬೇಕು, 8080 ಪೋರ್ಟ್ ತೆರೆಯಬೇಕು, ಮಷೀನ್ ರೀಸ್ಟಾರ್ಟ್ ಆದರೆ ತಾನಾಗೇ ಏಳುವಂತೆ ಮಾಡಬೇಕು, ಸರ್ಟಿಫಿಕೇಟ್ ಕೂರಿಸಬೇಕು. ಒಂದು ಸರ್ವರಿಗಾದರೆ ಒಂದು ಮಧ್ಯಾಹ್ನ ಸಾಕು. ಎಂಟಕ್ಕಾದರೆ ಐದನೆಯದರಲ್ಲಿ ಏನೋ ಒಂದು ಬಿಟ್ಟುಹೋಗುತ್ತೆ.

ಬಿಟ್ಟುಹೋದರೆ ಏನಾಗುತ್ತೆ? 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿಯಲ್ಲಿ ಆದದ್ದು ಇದೇ. ಹೊಸ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು, ಏಳಕ್ಕೆ ಹಾಕಿದರು. ಎಂಟನೆಯದನ್ನು ಇನ್ನೊಬ್ಬರು ಪರೀಕ್ಷಿಸಲೂ ಇಲ್ಲ. ಅಲ್ಲಿ ಮಲಗಿದ್ದ ಹಳೇ ಕೋಡ್ ಎದ್ದು ಕೂತು ಬೇಕಾಬಿಟ್ಟಿ ಷೇರು ಕೊಳ್ಳತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ನಷ್ಟ. ಮುಂದಿನ ವರ್ಷ ಆ ಕಂಪನಿ ಬೇರೆಯವರ ಪಾಲಾಯಿತು.

ನಮ್ಮಲ್ಲಿ ನಷ್ಟ ಬೇರೆ ಥರ. ಸೆಟಪ್ ಎಲ್ಲ ಒಬ್ಬನ ತಲೆಯಲ್ಲೇ ಇರುತ್ತೆ. ನಮ್ಮ ಕಡೆಯ ಹುಡುಗನೊಬ್ಬ ದೀಪಾವಳಿಗೆ ಮಾದಪ್ಪನ ಬೆಟ್ಟದ ಜಾತ್ರೆಗೆ ಹೋಗಿದ್ದಾನೆ. ಬೆಂಗಳೂರಿನ ಆಫೀಸಿನಿಂದ ಹದಿನಾರು ಮಿಸ್ಡ್ ಕಾಲ್. ‘ಆ ಸರ್ವರ್‌ನಲ್ಲಿ ಮೆಮೊರಿ ಎಷ್ಟು ಕೊಟ್ಟಿದ್ದೆ ಮಾರಾಯ?’ ಅನ್ನೋದಷ್ಟೇ ಪ್ರಶ್ನೆ. ಹೊಗಳಿಕೆ ಥರ ಕೇಳಿಸುತ್ತೆ, ಆದರೆ ರಜೆ ಸಿಗದಿರೋದೂ, ತಂಡ ಬದಲಿಸಲು ಬಿಡದಿರೋದೂ ಇದೇ ಕಾರಣಕ್ಕೆ.

ಆನ್ಸಿಬಲ್ ಈ ತಲೆಯೊಳಗಿನದನ್ನು ಪ್ಲೇಬುಕ್ ಅನ್ನೋ ಒಂದು ಕಡತಕ್ಕೆ ಇಳಿಸುತ್ತೆ. ಇದರ ಗುಟ್ಟು ಅರ್ಥವಾಗಬೇಕಾದರೆ ಬಚ್ಚಲಮನೆಗೆ ಬನ್ನಿ. ‘ಹಂಡೆಗೆ ಹತ್ತು ಕೊಡ ನೀರು ಹುಯ್ಯಿ’ ಅಂದರೆ, ಮೊದಲೇ ಅರ್ಧ ತುಂಬಿದ್ದ ದಿನ ಬಚ್ಚಲೆಲ್ಲ ನೀರು. ‘ಹಂಡೆ ತುಂಬಿರಬೇಕು’ ಅಂದರೆ ಹುಯ್ಯೋರು ಮೊದಲು ನೋಡುತ್ತಾರೆ, ಬೇಕಾದಷ್ಟು ಮಾತ್ರ ಹುಯ್ಯುತ್ತಾರೆ. ಪ್ಲೇಬುಕ್ ಬರೆಯೋದು ಎರಡನೇ ಥರ: ಜಾವಾ ಇರಬೇಕು, ಟಾಮ್‌ಕ್ಯಾಟ್ ಓಡುತ್ತಿರಬೇಕು, ಪೋರ್ಟ್ ತೆರೆದಿರಬೇಕು. ಇದ್ದರೆ ಅದು ಮುಟ್ಟೋದಿಲ್ಲ, ಇಲ್ಲದಿದ್ದರೆ ಮಾಡುತ್ತೆ.

ಊರಿಂದ ಕೆಲಸ ಮಾಡೋರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತೆ. ಗುಂಡ್ಲುಪೇಟೆಯಲ್ಲಿ ಮಳೆ ಬಂದು ಕರೆಂಟು, ನೆಟ್ಟು ಎರಡೂ ಹೋದವು ಅನ್ನಿ. ಕೈಯಲ್ಲಿ ಮಾಡುತ್ತಿದ್ದರೆ ಎಲ್ಲಿಗೆ ನಿಂತಿತ್ತು ಅಂತ ಹುಡುಕೋದೇ ದೊಡ್ಡ ಕೆಲಸ. ಪ್ಲೇಬುಕ್ ಆದರೆ ನೆಟ್ ಬಂದಮೇಲೆ ಅದೇ ಕಮಾಂಡ್ ಮತ್ತೆ ಕೊಡಿ, ಆದದ್ದನ್ನು ದಾಟಿಕೊಂಡು ಆಗದ್ದನ್ನು ಮುಗಿಸುತ್ತೆ.

ಪಪೆಟ್‌ಗಾದರೆ ಸಾಮಾನ್ಯವಾಗಿ ಪ್ರತಿ ಸರ್ವರಿನಲ್ಲೂ ಏಜೆಂಟ್ ಕೂರಿಸಬೇಕು. ಬದಲಿಸದಿದ್ದರೆ ಅದು 30 ನಿಮಿಷಕ್ಕೊಮ್ಮೆ ಎದ್ದು ಎಲ್ಲ ಸರಿಯಿದೆಯಾ ಅಂತ ನೋಡುತ್ತೆ. ಆನ್ಸಿಬಲ್‌ಗೆ ಏಜೆಂಟ್ ಬೇಡ, ಎಸ್‌ಎಸ್‌ಎಚ್ ಸಾಕು. ಹೊಸಬರಿಗೆ ನಾನು ಹೇಳೋದು ಆನ್ಸಿಬಲ್ಲೇ. ಯಾಮಲ್‌ನಲ್ಲಿ ಒಂದು ಸ್ಪೇಸ್ ಆಚೀಚೆ ಆದರೆ ಅದು ಮಾಡುವ ರಂಪಾಟ ಸಹಿಸಿಕೊಳ್ಳಬೇಕು, ಅಷ್ಟೆ.

ಭಯಪಡಬೇಕಾದ್ದೂ ಒಂದಿದೆ. ಪ್ಲೇಬುಕ್‌ನಲ್ಲಿ ತಪ್ಪು ಬರೆದರೆ ಅದು ಒಂದಲ್ಲ, ನೂರು ಸರ್ವರಿಗೆ ಅಷ್ಟೇ ಶ್ರದ್ಧೆಯಿಂದ ತಲುಪುತ್ತೆ. ಅದಕ್ಕೇ ‘ಚೆಕ್’ ಮೋಡ್‌ನಲ್ಲಿ ಏನೇನು ಬದಲಾಗಲಿದೆ ಅಂತ ಮೊದಲು ನೋಡಿ. ‘ಸೀರಿಯಲ್’ ಅಂತ ಬರೆದು ಎರಡೆರಡೇ ಸರ್ವರಿಗೆ ಬಿಡಿ. ಪಾಸ್‌ವರ್ಡನ್ನು ಕಡತದಲ್ಲಿ ಹಾಗೇ ಬರೆದಿಡಬೇಡಿ, ಆನ್ಸಿಬಲ್ ವಾಲ್ಟ್ ಇರೋದೇ ಅದಕ್ಕೆ.

‘ಈಗ ಕಂಟೇನರ್ ಕಾಲ, ಇದೆಲ್ಲ ಯಾಕೆ?’ ಅನ್ನೋರಿದ್ದಾರೆ. ಕಂಟೇನರ್ ಓಡೋದೂ ಯಾವುದೋ ಮಷೀನಿನ ಮೇಲೇ ಅಲ್ವಾ, ಅದನ್ನೂ ಯಾರೋ ಸಿದ್ಧಮಾಡಬೇಕಲ್ಲ.

ಕಲಿಯಲು ಕಂಪನಿಯ ಅನುಮತಿ, ಕ್ಲೌಡ್ ಬಿಲ್ಲು ಯಾವುದೂ ಬೇಡ. ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಎರಡು ಪುಟ್ಟ ಲಿನಕ್ಸ್ ಮಷೀನ್ ಮಾಡಿಕೊಳ್ಳಿ. ಆನ್ಸಿಬಲ್ ಉಚಿತ. ವಿಂಡೋಸ್ ಇದ್ದರೆ ಅದನ್ನು ಡಬ್ಲ್ಯುಎಸ್‌ಎಲ್ ಒಳಗೆ ಹಾಕಿ. ಟಾಮ್‌ಕ್ಯಾಟಿನ ಪ್ಲೇಬುಕ್ ಬರೆದು ಓಡಿಸಿ, ತಕ್ಷಣ ಇನ್ನೊಮ್ಮೆ ಓಡಿಸಿ. ಎರಡನೇ ಸಲ ಕೊನೇ ಸಾಲಿನಲ್ಲಿ ‘ಚೇಂಜ್ಡ್’ ಎದುರಿಗೆ 0 ಇರಬೇಕು. ಬೇರೆ ಸಂಖ್ಯೆ ಕಂಡರೆ, ಎಲ್ಲೋ ಇನ್ನೂ ‘ಹತ್ತು ಕೊಡ ಹುಯ್ಯಿ’ ಅಂತಲೇ ಬರೆದಿದ್ದೀರಿ, ಹುಡುಕಿ.