ಹಾಫ್‌ಬ್ಯಾಕ್ ಕೆಂಪಯ್ಯ

ಜರ್ಮನಿಯ ಫುಟ್‌ಬಾಲ್ ಆಟಗಾರ ಟೋನಿ ಕ್ರೂಸ್ ಒಂದು ಮ್ಯಾಚ್‌ನಲ್ಲಿ ಎಷ್ಟು ಪಾಸ್ ಕೊಟ್ಟ, ಅವುಗಳಲ್ಲಿ ಎಷ್ಟು ಗುರಿ ತಲುಪಿದವು ಎಂಬುದನ್ನು ಸೋಸಲೆಯಲ್ಲೋ ತಿ. ನರಸೀಪುರದಲ್ಲೋ ಕೂತ ಹುಡುಗ ಮೊಬೈಲ್ ನೋಡಿ ಹೇಳಿಬಿಡಬಲ್ಲ. ನಮ್ಮ ಬೆಂಗಳೂರಿನ ಎಂ. ಕೆಂಪಯ್ಯನವರೂ ಮಿಡ್‌ಫೀಲ್ಡರ್. ಎರಡು ಒಲಿಂಪಿಕ್ಸ್ ಆಡಿಬಂದವರು. ಆದರೆ ಅವರ ಪಾಸ್‌ಗಳನ್ನು ಎಣಿಸಿಟ್ಟವರು ಯಾರೂ ಇಲ್ಲ.

ಆಗಿನ ಲೆಕ್ಕದಲ್ಲಿ ಅವರು ಹಾಫ್‌ಬ್ಯಾಕ್. ಎದುರಾಳಿಯ ಮುಂಪಡೆಯವರ ಕಾಲಿನಿಂದ ಚೆಂಡು ಕಸಿಯಬೇಕು, ಕಸಿದದ್ದನ್ನು ತಡಮಾಡದೆ ಮುಂದಕ್ಕೆ ದಾಟಿಸಬೇಕು, ಅದು ಕೈತಪ್ಪಿದರೆ ಮತ್ತೆ ಹಿಂದಕ್ಕೆ ಓಡಬೇಕು. ಇಷ್ಟೆಲ್ಲ ಮಾಡಿದರೂ ಮರುದಿನದ ಪತ್ರಿಕೆಯಲ್ಲಿ ಬರುತ್ತಿದ್ದುದು ಗೋಲು ಹೊಡೆದವನ ಹೆಸರು.

ಕಂಟೋನ್ಮೆಂಟಿನ ಸೈನಿಕರ ಆಟ ನೋಡುತ್ತಾ ಕಲಿತ ಊರು ಬೆಂಗಳೂರು. ಆದರೆ ಫುಟ್‌ಬಾಲ್‌ನಲ್ಲಿ ಹೆಸರು ಮಾಡಬೇಕಾದರೆ ರೈಲು ಹತ್ತಿ ಕಲ್ಕತ್ತಾಕ್ಕೆ ಹೋಗಬೇಕಿತ್ತು. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು, ಕೆಂಪಯ್ಯ ಮೋಹನ್ ಬಗಾನ್ ಪರ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಇಳಿದಿದ್ದರು. ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 1-2ರಲ್ಲಿ ಸೋತರು. ಮುಂದೆ 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ, ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮ ಏಕೈಕ ಗೋಲು ಅಹ್ಮದ್ ಖಾನರದು. ಬೂಟು ಕಡ್ಡಾಯವಾದದ್ದು ಆ ಪೆಟ್ಟು ಬಿದ್ದ ಮೇಲೆ. ಕೆಂಪಯ್ಯ ಈ ಬೂಟಿನ ಕಾಲದವರು.

1956ರ ಡಿಸೆಂಬರ್ 1. ಕನ್ನಡನಾಡು ಒಂದಾಗಿ ವಿಶಾಲ ಮೈಸೂರು ಹುಟ್ಟಿ ಸರಿಯಾಗಿ ಒಂದು ತಿಂಗಳು. ಅಂದು ಒಲಿಂಪಿಕ್ಸ್ ನಡೆಯುತ್ತಿದ್ದ ಮೆಲ್ಬರ್ನ್‌ನಲ್ಲಿ, ಸೈಯದ್ ಅಬ್ದುಲ್ ರಹೀಮ್ ತರಬೇತಿಯ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜಾರ ಹ್ಯಾಟ್ರಿಕ್ ಇಂದಿಗೂ ಮಾತಿಗೆ ಬರುತ್ತದೆ, ಬರಲೇಬೇಕು. ಅದೇ ತಂಡದಲ್ಲಿದ್ದ ಕೆಂಪಯ್ಯನವರ ಹೆಸರು ಹೇಳುವವರು ಮಾತ್ರ ಕಡಿಮೆ. ಮುಂದೆ ಯುಗೊಸ್ಲಾವಿಯಾ 4-1ರಿಂದಲೂ ಬಲ್ಗೇರಿಯಾ 3-0ಯಿಂದಲೂ ಗೆದ್ದು ಭಾರತ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ಮೇಲೆ ನಾವು ಏರಿದ್ದಿಲ್ಲ.

ಕೆಂಪಯ್ಯನವರ ಎರಡನೆಯ ಒಲಿಂಪಿಕ್ಸ್ ರೋಮ್, 1960. ಹಂಗೆರಿಗೆ 1-2ರ ಸೋಲು, ಫ್ರಾನ್ಸ್ ಜೊತೆ 1-1ರ ಸಮ, ಪೆರುವಿಗೆ 1-3ರ ಸೋಲು. ಗೋಲುಗಳು ಬಲರಾಮ್ ಮತ್ತು ಪಿ.ಕೆ. ಬ್ಯಾನರ್ಜಿಯವರ ಖಾತೆಗೆ ಹೋದವು.

ಕ್ರೂಸ್ ಅದೃಷ್ಟವಂತ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಎರಡೇ ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದ ಎಂಬುದೂ ನಿಜ. ಆದರೆ 2024ರಲ್ಲಿ ನಿವೃತ್ತನಾದಾಗ ಜನ ಕೊಂಡಾಡಿದ್ದು ಅವನ ಪಾಸ್‌ಗಳನ್ನು. ವರ್ಷಗಟ್ಟಲೆ ಒಂದೇ ಮಾದರಿಯ ಬಿಳಿ ಬೂಟು ಹಾಕುತ್ತಿದ್ದ, ಅದನ್ನು ತಾನೇ ತೊಳೆದುಕೊಳ್ಳುತ್ತಿದ್ದ ಎಂಬುದೂ ಸುದ್ದಿಯಾಯಿತು! ಹತ್ತಾರು ಕ್ಯಾಮೆರಾಗಳ ಕಾಲದಲ್ಲಿ ಹುಟ್ಟಿದವನಿಗೆ ಅಷ್ಟು ಸಲ್ಲುತ್ತದೆ.

ಕೆಂಪಯ್ಯನವರ ನಾಡು, ಅಂದರೆ ಮುಂದೆ ಕರ್ನಾಟಕವಾದ ಮೈಸೂರು, 1946-47, 1952-53, 1967-68, 1968-69ರ ಸಾಲುಗಳಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳವೇ. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು: 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.