ಗಲ್ಲಾದ ಮೇಲೆ ಕುಳಿತ ಯಂತ್ರ

ಗದಗ–ಬೆಟಗೇರಿಯ ಪ್ಯಾಟಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗನ ಕೈಗೆ ತಕ್ಕಡಿ ಬೇಗ ಬರುತ್ತಿತ್ತು, ಪೊಟ್ಟಣ ಕಟ್ಟುವ ದಾರವೂ ಬರುತ್ತಿತ್ತು. ಗಲ್ಲಾದ ಮೇಲೆ ಕೂಡುವ ಯೋಗ ಮಾತ್ರ ಸುಲಭಕ್ಕೆ ಬರುತ್ತಿರಲಿಲ್ಲ. ಅಲ್ಲಿ ಸಾವ್ಕಾರ ಕೂಡಬೇಕು, ಇಲ್ಲವೇ ಅವನ ಮಗ. ಊಟಕ್ಕೆ ಎದ್ದರೆ ಕೀಲಿ ಸೊಂಟ ಸೇರಬೇಕು. ರೊಕ್ಕ ಮುಟ್ಟುವ ಕೈಯನ್ನು ಎಷ್ಟು ನಂಬಬೇಕು ಎಂಬುದು ಜಗತ್ತಿನ ಎಲ್ಲ ಪ್ಯಾಟಿಗಳ ಪ್ರಶ್ನೆ. ಅದಕ್ಕೆ ಉತ್ತರವಾಗಿ ಸಾವ್ಕಾರನ ಜಾಗದಲ್ಲಿ ಯಂತ್ರವನ್ನೇ ಕೂರಿಸಿದ್ದು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಎಂಬ ಊರು.

ಅಲ್ಲಿ ಜೇಮ್ಸ್ ರಿಟಿ ಎಂಬಾತ ಸೆರೆಯಂಗಡಿ ನಡೆಸುತ್ತಿದ್ದ. ಗಿರಾಕಿಗಳಿಗೆ ಬರವಿರಲಿಲ್ಲ, ಆದರೂ ದಿನದ ಕೊನೆಗೆ ಕೈಗೆ ಸಿಗುವುದು ಕಡಿಮೆ. ಆಳುಗಳು ಜೇಬಿಗಿಳಿಸುತ್ತಿದ್ದರು. 1878ರಲ್ಲಿ ಹಡಗಿನಲ್ಲಿ ಯುರೋಪಿಗೆ ಹೊರಟಾಗ, ಹಡಗಿನ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತೆಂದು ತಾನಾಗಿ ಎಣಿಸುವ ಸಾಧನವೊಂದು ಅವನ ಕಣ್ಣಿಗೆ ಬಿತ್ತು. ಸುತ್ತನ್ನು ಎಣಿಸುವ ಯಂತ್ರ ದುಡ್ಡನ್ನೇಕೆ ಎಣಿಸಬಾರದು? ಊರಿಗೆ ಮರಳಿ, ಸಹೋದರ ಜಾನ್ ಜೊತೆ ಸೇರಿ ಯಂತ್ರ ಕಟ್ಟಿದ. 1879ರ ನವೆಂಬರ್ 4ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಅಣ್ಣತಮ್ಮಂದಿರು ಅದನ್ನು ‘ಲಂಚಕ್ಕೆ ಬಗ್ಗದ ಕ್ಯಾಶಿಯರ್’ ಎಂಬರ್ಥದ ಹೆಸರಿನಿಂದ ಕರೆದರು.

ಈ ಮೊದಲ ಯಂತ್ರಕ್ಕೆ ಗಡಿಯಾರದಂಥ ಮುಖವಿತ್ತು, ರೊಕ್ಕ ಇಡುವ ಖಾನೆಯೇ ಇರಲಿಲ್ಲ. ಗುಂಡಿ ಒತ್ತಿದರೆ ಮುಳ್ಳು ತಿರುಗಿ ಮೊತ್ತ ತೋರಿಸುತ್ತಿತ್ತು. ಅದು ಗಿರಾಕಿಗೂ ಕಾಣುತ್ತಿತ್ತು, ಅಂಗಡಿಯಲ್ಲಿ ನಿಂತ ಉಳಿದವರಿಗೂ ಕಾಣುತ್ತಿತ್ತು. ಅದರ ಬಲವೆಲ್ಲ ಈ ಬಹಿರಂಗದಲ್ಲಿತ್ತು. ಮುಂದೆ ಯಂತ್ರದ ಹಕ್ಕು ಕೊಂಡವರು ಖಾನೆ ಜೋಡಿಸಿದರು, ಖಾನೆ ತೆರೆದಾಗಲೆಲ್ಲ ಬಾರಿಸುವ ಗಂಟೆ ಇಟ್ಟರು. ಒಳಕೋಣೆಯಲ್ಲಿದ್ದ ಮಾಲೀಕನಿಗೂ ಗಲ್ಲಾ ತೆರೆದದ್ದು ಕೇಳಿಸತೊಡಗಿತು.

ಯಂತ್ರ ಹುಟ್ಟಿತೇನೋ ಸರಿ, ಕೊಳ್ಳುವವರು ವಿರಳ. ಕಲ್ಲಿದ್ದಲು ಗಣಿಯ ಬಳಿ ಅಂಗಡಿ ಇಟ್ಟಿದ್ದ ಜಾನ್ ಹೆನ್ರಿ ಪ್ಯಾಟರ್ಸನ್ ಅದನ್ನು ಕೊಂಡು ಬಳಸಿದ್ದವನು. ಸೋರಿ ಹೋಗುತ್ತಿದ್ದ ಲಾಭ ನಿಂತಿದ್ದನ್ನು ಕಣ್ಣಾರೆ ಕಂಡಿದ್ದ. 1884ರಲ್ಲಿ 6,500 ಡಾಲರ್ ಕೊಟ್ಟು ಯಂತ್ರ ತಯಾರಿಸುತ್ತಿದ್ದ ಕಂಪನಿಯ ಹಿಡಿತವನ್ನೇ ಕೊಂಡು, ‘ನ್ಯಾಷನಲ್ ಕ್ಯಾಶ್ ರಿಜಿಸ್ಟರ್’ ಎಂದು ಹೆಸರಿಟ್ಟ. ಮುಂದೆ ಎನ್‌ಸಿಆರ್ ಎಂದು ಹೆಸರಾದದ್ದು ಇದೇ.

ಪ್ಯಾಟರ್ಸನ್ ಯಂತ್ರ ಕಂಡುಹಿಡಿದವನಲ್ಲ, ಮಾರುವುದನ್ನು ಕಂಡುಹಿಡಿದವನು. ಮಾರಾಟಗಾರ ಅಂಗಡಿಯವನೆದುರು ಏನು ಹೇಳಬೇಕೆಂಬುದನ್ನು 1887ರಲ್ಲೇ ಪುಸ್ತಿಕೆ ಮಾಡಿಸಿ ಬಾಯಿಪಾಠ ಮಾಡಿಸಿದ. ಬಳಿಕ ಮಾರಾಟಗಾರರಿಗೆಂದೇ ಶಾಲೆ ತೆರೆದ. ಅವನ ದೊಡ್ಡ ತೊಡಕು ಅಂಗಡಿಯ ಗುಮಾಸ್ತರು. ಯಂತ್ರ ಬಂದರೆ ತಮ್ಮನ್ನು ಕಳ್ಳರೆಂದು ಸಾರಿದಂತೆ ಎಂದು ಸಿಡುಕುತ್ತಿದ್ದ ಅವರು, ಕಂಪನಿಯ ಜಾಹೀರಾತು ಪತ್ರಗಳು ಮಾಲೀಕನ ಕೈ ಸೇರುವ ಮೊದಲೇ ಹರಿದೆಸೆಯುತ್ತಿದ್ದರು. ಅದಕ್ಕೇ ಕಂಪನಿಯ ಪತ್ರಗಳು ಹೆಸರಿಲ್ಲದ ಲಕೋಟೆಯಲ್ಲಿ ಹೋಗತೊಡಗಿದವು. ಗಿರಾಕಿಯ ಕೈಗೆ ರಸೀದಿ ಕೊಡುವ ಪದ್ಧತಿ ಹಬ್ಬಿದ ಮೇಲಂತೂ ಗುಮಾಸ್ತನಿಗೆ ಇನ್ನೊಬ್ಬ ಕಾವಲುಗಾರ ಸಿಕ್ಕ. ರಸೀದಿ ಕೇಳುವ ಪ್ರತಿ ಗಿರಾಕಿಯೂ, ತನಗರಿವಿಲ್ಲದೆ, ಮಾಲೀಕನ ಲೆಕ್ಕ ತಪಾಸಣೆ ಮಾಡುತ್ತಿದ್ದ.

1906ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ತರುಣ ಎಂಜಿನಿಯರ್ ಈ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ. ಮುಂದೆ ಕಾರುಗಳಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವನು ಇವನೇ. 1911ರ ಹೊತ್ತಿಗೆ ಹತ್ತು ಲಕ್ಷ ಯಂತ್ರಗಳು ಮಾರಾಟವಾಗಿದ್ದವು. ಆದರೆ ಕಳ್ಳತನ ತಡೆಯುವ ಯಂತ್ರದ ಮಾಲೀಕನೇ ಕಟಕಟೆ ಹತ್ತಬೇಕಾಯಿತು. ಪೈಪೋಟಿಯ ಕಂಪನಿಗಳನ್ನು ಅಡ್ಡದಾರಿಯಲ್ಲಿ ತುಳಿದ ಆರೋಪ ಸಾಬೀತಾಗಿ, 1913ರ ಫೆಬ್ರವರಿಯಲ್ಲಿ ಪ್ಯಾಟರ್ಸನ್‌ಗೆ ಒಂದು ವರ್ಷದ ಜೈಲು ಶಿಕ್ಷೆಯಾಯಿತು. ಮರುತಿಂಗಳೇ ಡೇಟನ್ ಪ್ರವಾಹದಲ್ಲಿ ಮುಳುಗಿತು. ಕಾರ್ಖಾನೆಯ ಬಡಗಿಗಳನ್ನು ದೋಣಿ ಕಟ್ಟಲು ಹಚ್ಚಿ, ಕಾರ್ಖಾನೆಯನ್ನೇ ಗಂಜಿಕೇಂದ್ರ ಮಾಡಿದ ಪ್ಯಾಟರ್ಸನ್ ಊರಿನ ಪಾಲಿಗೆ ದೇವರಾದ. ಮೇಲಿನ ನ್ಯಾಯಾಲಯ 1915ರಲ್ಲಿ ಶಿಕ್ಷೆಯ ತೀರ್ಪನ್ನು ತಳ್ಳಿಹಾಕಿತು. ಅವನೊಂದಿಗೆ ಶಿಕ್ಷೆಗೆ ಗುರಿಯಾಗಿದ್ದ ಥಾಮಸ್ ವಾಟ್ಸನ್ ಕೆಲಸ ಕಳೆದುಕೊಂಡು ಹೊರಬಿದ್ದು, ಐಬಿಎಂ ಅನ್ನು ಬೆಳೆಸಿದ.

ಡೇಟನ್‌ನಲ್ಲಿ ಅಪನಂಬಿಕೆ ಹೀಗೆ ಉದ್ಯಮವಾಗುತ್ತಿದ್ದ ಕಾಲಕ್ಕೇ ಗದಗ ಸೀಮೆಯಲ್ಲಿ ಅದೇ ಪ್ರಶ್ನೆಗೆ ಬೇರೆ ಉತ್ತರ ಹುಟ್ಟಿತ್ತು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಹಿಂದಿನ ವರ್ಷವಷ್ಟೇ ಬಂದಿದ್ದ ಸಹಕಾರ ಕಾಯ್ದೆ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಹೊರಿಸಿತ್ತು. ಅಂದರೆ ಸಂಘದ ಸಾಲ ಮುಳುಗಿದರೆ ಸದಸ್ಯರೆಲ್ಲರ ಆಸ್ತಿಗೂ ಕುತ್ತು. ಹಾಗಾಗಿ ಯಾರು ಎಷ್ಟು ತಂದರು, ಯಾತಕ್ಕೆ ತಂದರು, ಬೀಜಕ್ಕೋ ಮದುವೆಗೋ ಎಂದು ಓಣಿಯೆಲ್ಲ ಕಣ್ಣಿಡಬೇಕಿತ್ತು. ಅಲ್ಲಿ ನಂಬಿಕೆ ಕುರುಡಾಗಿರಲಿಲ್ಲ. ಕಾವಲು ಮಾತ್ರ ಒಬ್ಬ ಸಾವ್ಕಾರನದಾಗಿರದೆ ಊರಿನದಾಗಿತ್ತು.

ಡೇಟನ್ನಿನ ಯಂತ್ರ ಅಂಗಡಿಯಿಂದ ಬ್ಯಾಂಕಿನ ಒಳಗೆ ನಡೆಯಿತು. ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗುಪ್ತಲಿಪಿ ಒಡೆಯುವ ಯಂತ್ರಗಳನ್ನೂ ಅಮೆರಿಕದ ನೌಕಾಪಡೆಗಾಗಿ ಇದೇ ಕಂಪನಿ ಕಟ್ಟಿಕೊಟ್ಟಿತು. ಆದರೂ 1970ರ ಹೊತ್ತಿಗೆ ಹಲ್ಲುಗಾಲಿಗಳ ಮೇಲಿನ ಮೋಹ ಬಿಡದ ಕಂಪನಿಯನ್ನು ಎಲೆಕ್ಟ್ರಾನಿಕ್ಸ್ ಹಿಂದಿಕ್ಕಿತು. ಡೇಟನ್‌ನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಚೇತರಿಸಿಕೊಂಡ ಕಂಪನಿಯ ಯಂತ್ರವೇ 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡ್ ಓದಿ 67 ಸೆಂಟ್ ಎಂದು ತೋರಿಸಿತು. ಮುಂದೆ ಸ್ಕಾಟ್‌ಲೆಂಡಿನ ಡಂಡೀ ಕಾರ್ಖಾನೆಯಿಂದ ಎಟಿಎಂಗಳನ್ನು ಹೊರಡಿಸಿ, ಆ ವ್ಯಾಪಾರದ ಮುಂಚೂಣಿಗೆ ಬಂತು. ಲಂಡನ್ ಬಳಿಯ ಎನ್‌ಫೀಲ್ಡ್‌ನಲ್ಲಿ 1967ರಲ್ಲಿ ಮೊದಲ ಹಣ ಕೊಡುವ ಯಂತ್ರ ನಿಲ್ಲಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ.

ಭಾರತದ ಬ್ಯಾಂಕುಗಳಿಗೆ ಯಂತ್ರ ಬಂದಿದ್ದು ಜಗಳದ ನಡುವೆ. ಕೆಲಸ ಹೋಗುತ್ತದೆಂಬ ನೌಕರರ ಆತಂಕಕ್ಕೆ 1983ರ ಒಪ್ಪಂದದಿಂದ ಒಂದು ದಾರಿ ಸಿಕ್ಕ ಮೇಲೆ, ಲೆಡ್ಜರ್ ಯಂತ್ರಗಳು ಶಾಖೆಗಳ ಬಾಗಿಲು ತಟ್ಟಿದವು. ದೇಶದ ಮೊದಲ ಎಟಿಎಂ 1987ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಡೇಟನ್‌ನ ಕಂಪನಿ ಮುಂದೆ ಪುದುಚೇರಿಯಲ್ಲಿ ಕಾರ್ಖಾನೆ ತೆರೆದು ಇಲ್ಲಿಯೇ ಎಟಿಎಂ ಕಟ್ಟಿತು. ತವರೂರನ್ನು ಬಿಟ್ಟು ಜಾರ್ಜಿಯಾ ರಾಜ್ಯ ಸೇರಿದ ಅದು, 2023ರಲ್ಲಿ ಎರಡು ಪಾಲಾಯಿತು: ಅಂಗಡಿಯ ಯಂತ್ರಗಳು ‘ವಾಯಿಕ್ಸ್’ಗೆ, ಎಟಿಎಂಗಳು ‘ಅಟ್ಲಿಯೋಸ್’ಗೆ.

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಂಥ ತುಂಗಭದ್ರೆಯ ದಂಡೆಯ ಊರುಗಳಿಗೆ ಈ ವಂಶದ ಕುಡಿಗಳು ಚಿಕ್ಕದಾಗಿ ಬಂದವು. ಬಸ್ ಕಂಡಕ್ಟರನ ಕೈಯಲ್ಲಿ ಟಿಕೆಟ್ ಯಂತ್ರ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿ ಪದ್ಧತಿಯಲ್ಲಿ ಅಂಗಡಿ ಅಂಗಡಿ ಸುತ್ತುವ ಏಜೆಂಟರ ಕೈಯಲ್ಲೂ ಈಗ ಚೀಟಿ ಹೊರಡಿಸುವ ಯಂತ್ರ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿದರೆ ಪಿಂಚಣಿಯ ರೊಕ್ಕ ಕೊಡಿಸುವ ಮೈಕ್ರೋ ಎಟಿಎಂ.

ಈ ದಾರಿಯುದ್ದಕ್ಕೂ ಅನುಮಾನದ ಬೆರಳು ಮಾತ್ರ ಮೆಲ್ಲಗೆ ದಿಕ್ಕು ಬದಲಿಸಿದೆ. ರಿಟಿಯ ಯಂತ್ರ ಗುಮಾಸ್ತನನ್ನು ಅನುಮಾನಿಸುತ್ತಿತ್ತು, ಇಂದಿನ ಯಂತ್ರ ರೊಕ್ಕದ ಒಡೆಯನನ್ನೇ ಅನುಮಾನಿಸುತ್ತದೆ. ಪಿನ್ ಹೇಳು, ಒಟಿಪಿ ಹೇಳು, ಬೆರಳು ಒತ್ತು. ಹೊಲದ ಕೆಲಸದಲ್ಲಿ ಬೆರಳಿನ ಗೆರೆ ಸವೆದ ಅಜ್ಜಿಗೆ ತಾನು ತಾನೇ ಎಂದು ಸಾಬೀತು ಮಾಡುವುದೇ ಕಷ್ಟ. ರಿಟಿಯ ಮುಳ್ಳು ಅಂಗಡಿಗೆಲ್ಲ ಕಾಣುತ್ತಿತ್ತು, ಕಣಗಿನಹಾಳದ ಸಾಲದ ಲೆಕ್ಕ ಊರಿಗೆಲ್ಲ ತಿಳಿಯುತ್ತಿತ್ತು. ಇಂದಿನ ಲೆಕ್ಕ ಎಲ್ಲೋ ದೂರದ ಕಂಪ್ಯೂಟರಿನ ಒಳಗೆ ಕೂತಿರುತ್ತದೆ.

ಹಾಗಾಗಿ ಈಗ ಗಿರಾಕಿಗೂ ತನ್ನದೊಂದು ಕಾವಲು ಬೇಕು. ಖಾತೆಯಲ್ಲಿ ರೊಕ್ಕ ಕಡಿತವಾಗಿ ಎಟಿಎಂನಿಂದ ನೋಟು ಬಾರದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಮೈಕ್ರೋ ಎಟಿಎಂಗೂ ಇದು ಅನ್ವಯಿಸುತ್ತದೆ. ಚೀಟಿ ಕೇಳಿ ಪಡೆಯಬೇಕು, ಅದನ್ನು ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಬೇಕು. ಕಣಗಿನಹಾಳದವರು ನೂರಿಪ್ಪತ್ತು ವರ್ಷದ ಹಿಂದೆ ಮಾಡಿದ್ದೂ ಇದನ್ನೇ: ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಕಣ್ಣಾದರು.